ಸೊಂಟದೆತ್ತರದ ಹಲಗೆ

ಬಹಳ ಹಿಂದೆ, ಹೊಳೆಗೆ ಇನ್ನೂ ಸೇತುವೆ ಇರದ ಕಾಲಕ್ಕೆ, ದಂಡೆಯಲ್ಲೊಂದು ಊರು, ಊರಲ್ಲೊಬ್ಬ ಬಡಿಗ. ಮೋನಪ್ಪ ಅಂತ ಹೆಸರು. ಅವನು ಮುಟ್ಟಿದ ಕಟ್ಟಿಗೆ ಮಾತಾಡುತ್ತಿತ್ತಂತೆ. ಅದನ್ನು ಕೇಳಿದವರು ಯಾರೂ ಈಗಿಲ್ಲ, ಹೇಳುವವರು ಮಾತ್ರ ಬಹಳ ಮಂದಿ.

ಹೊಳೆ ಇಳಿದಾಗ ಮರಳಿನಲ್ಲಿ ಕಲ್ಲಂಗಡಿ ಹಾಕುವುದು ಆ ಊರಿನ ಪದ್ಧತಿ. ಯಾರ ಪಾಲು ಎಲ್ಲಿ ಎಂದು ಗೌಡರು ಚಾವಡಿಯ ಹಲಗೆಯ ಮೇಲೆ ಬರೆಸುತ್ತಿದ್ದರು. ಅಮಾವಾಸ್ಯೆಯೊಳಗೆ ಗೂಟ ನೆಡದವರ ಪಾಲು ಪಕ್ಕದವರಿಗೆ.

ಹಗ್ಗ ಹೊಸೆಯುವ ನೀಲವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ. ಓದಿ ಹೇಳಿರೆಂದರೆ ಒಬ್ಬ ನಾಳೆ ಅಂದನಂತೆ, ಇನ್ನೊಬ್ಬ ನಿನ್ನ ಹೆಸರೇ ಇಲ್ಲ ಅಂದನಂತೆ. ಹಾಗೆ ಅಂದವನೇ ಅವಳ ಪಕ್ಕದ ಪಾಲಿನವನು. ಎರಡು ವರ್ಷ ಅವಳ ಮರಳಲ್ಲಿ ಅವನ ಬಳ್ಳಿ ಹಬ್ಬಿತು. ಮೂರನೆಯ ವರ್ಷ, ಹೊಳೆ ಇಳಿಯುವ ಮೊದಲೇ, ಆಕೆ ತನ್ನ ಗೂಟ ತಂದು ಮೋನಪ್ಪನ ಮುಂದೆ ಇಟ್ಟಳು.

“ಇದನ್ನ ಒಲಿಗೆ ಹಾಕೋ ಯಣ್ಣಾ. ನನಗಿನ್ನ ಬ್ಯಾಡ.”

ಆ ಗೂಟ ಕೆತ್ತಿದವನು ಮೋನಪ್ಪ. ಅವಳು ಓದಲಾಗದ ಹಲಗೆ ಹೆರೆದವನೂ ಅವನೇ. ಅವತ್ತೇ ಅವನು ಅವಳ ಬೆರಳಿಗೆ ಓದಲು ಬರುವಂಥ ಹಲಗೆ ಮಾಡಲು ಕೂತನಂತೆ.

ಮೊದಲು ಜೋಳದ ಕಾಳು ಅಂಟಿಸಿ ಅಕ್ಷರ ಮಾಡಿದ. ಗುಬ್ಬಿಗಳು ಓದಿ ಮುಗಿಸಿದವು. ಆಮೇಲೆ ಬಳ್ಳಿ, ಹೂವು ಬಿಡಿಸಿ, ಊರೇ ಬೆರಗಾಗುವಂತೆ ಉಬ್ಬು ಅಕ್ಷರ ಕೆತ್ತಿದ. ನೀಲವ್ವ ಬೆರಳಾಡಿಸಿ ನಕ್ಕಳಂತೆ.

“ಎಲ್ಲಾ ಜಿಲೇಬಿ ಹಂಗ ಅದಾವಲ್ಲೋ. ಕಣ್ಣಿದ್ದೋರಿಗೆ ಮಾಡೀದಿ. ನನ್ನ ಬೆರಳನ್ನ ಯಾರು ಕೇಳ್ಯಾರ?”

ಬಡಿಗನ ಸೊಕ್ಕು ಇಳಿಯಿತು. ಹಲಗೆಗೆ ಜೇನುಮೇಣ ಬಳಿದು ಅವಳ ಮುಂದಿಟ್ಟು, ನೀನೇ ತೋರಿಸವ್ವ ಅಂದ. ಆಕೆ ಹೊಳೆಗೊಂದು ಉದ್ದ ಗೆರೆ ಎಳೆದಳು, ಪಾಲಿಗೊಂದು ಗುಳಿ ಒತ್ತಿದಳು. ಕುಂಬಾರನಿಗೆ ಗಡಿಗೆ, ಅಂಬಿಗನಿಗೆ ಹುಟ್ಟು, ತನಗೆ ಹಗ್ಗದ ಗಂಟು. ಅದನ್ನೇ ಮೋನಪ್ಪ ಸಾಗವಾನಿಯಲ್ಲಿ ಕೆತ್ತಿದ. ವರ್ಷವರ್ಷ ಬದಲಿಸಲು ಬರಲೆಂದು ಗುರುತುಗಳನ್ನು ಬಿಡಿ ಬಿಲ್ಲೆ ಮಾಡಿದ.

ಗೌಡರು ಬಿಲ್ಲೆ ಜೋಡಿಸಿ, ಆಡು ನೆಕ್ಕದಿರಲೆಂದು, ಎಂದಿನಂತೆ ಎತ್ತರದಲ್ಲಿ ಹಲಗೆ ಹೊಡೆಸಿದರು. ಅಮಾವಾಸ್ಯೆಯ ಹಿಂದಿನ ದಿನ ನೀಲವ್ವ ಬಂದು ತಡವಿದಳು. ಬರೀ ಗೋಡೆ. ಮೋನಪ್ಪ ಮೊಳೆ ಕಿತ್ತು, ಹಲಗೆಯನ್ನು ಅವಳ ಸೊಂಟದೆತ್ತರಕ್ಕೆ ಬಡಿದ. ಇನ್ನು ನಾನೂ ಬಗ್ಗಬೇಕೇನೋ ಎಂದರಂತೆ ಗೌಡರು.

“ಬಗ್ರಿ ಗೌಡ್ರ, ಬೆನ್ನು ಮುರಿಯೂದಿಲ್ಲ,” ಅಂದಳು ನೀಲವ್ವ.

ಆಕೆಯ ಬೆರಳು ಹೊಳೆಗುಂಟ ಹರಿದು, ಗಡಿಗೆ ದಾಟಿ, ಹುಟ್ಟು ದಾಟಿ, ಗಂಟಿನ ಮೇಲೆ ನಿಂತಿತು.

“ಹೊಳಿ ಮೆಟ್ಟಿಲಿಂದ ಮೂರನೇ ಪಾಲು ನಂದು,” ಅಂದಳು. ಕೈ ಚಾಚಿದಳು. ಒಲೆಗೆ ಹಾಕದೆ ಇಟ್ಟುಕೊಂಡಿದ್ದ ಗೂಟವನ್ನು ಮೋನಪ್ಪ ಆ ಕೈಯಲ್ಲಿಟ್ಟ.

ಆ ಊರಲ್ಲಿ ಇಂದಿಗೂ ಯಾವ ಪ್ರಕಟಣೆಯಾದರೂ ಸೊಂಟದೆತ್ತರಕ್ಕೇ. ಕಣ್ಣು ಕಾಣದವರೊಬ್ಬರು ಮುಟ್ಟಿ ನೋಡಿ ಹೂಂ ಅಂದ ಮೇಲೆಯೇ ಮೊಳೆ. ಉಳಿದವರು ಬಗ್ಗಿ ಓದುತ್ತಾರೆ. ಅದನ್ನು ಕಂಡ ಪರವೂರಿನವರು ಅಲ್ಲಿ ಯಾವುದೋ ದೇವರಿರಬೇಕೆಂದು ಚಪ್ಪಲಿ ಬಿಟ್ಟು, ತಾವೂ ಬಗ್ಗುತ್ತಾರೆ. ಊರವರು ಯಾರೂ ತಿದ್ದಲು ಹೋಗುವುದಿಲ್ಲ.