ಸಬ್ರ್ ಎಂಬ ಪದದ ಅರ್ಧ ಅರ್ಥ

"ಉಸ್ತಾದ್, ಚಿಕ್ಕ ಮಕ್ಕಳಿಗೆ ಒಂದು ಪದಕ್ಕೆ ಒಂದು ಅರ್ಥ ಹೇಳಿಕೊಟ್ಟರೆ ಸಾಲದೆ?" ಎಂದು ಶಿಷ್ಯ ಅನೀಸ್ ಕೇಳಿದ. ಮರುದಿನದಿಂದ ಅವನು ಮದರಸದಲ್ಲಿ ಮಕ್ಕಳಿಗೆ ಪಾಠ ಹೇಳಬೇಕಿತ್ತು. "ತಕ್ವಾ, ತೌಬಾ, ಸಬ್ರ್, ಇವೆಲ್ಲ ಅವರಿಗೆ ಹೊಸ ಅರಬಿ ಮಾತುಗಳು. ಹೆಚ್ಚು ಹೇಳಿದರೆ ಗೊಂದಲವಾಗುತ್ತದೆ."

ಉಸ್ತಾದರು ಓದುತ್ತಿದ್ದ ಪುಸ್ತಕ ಮುಚ್ಚಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗುರುವಿದ್ದ. ಅವನೂ ಹಾಗೆಯೇ ಅಂದುಕೊಂಡಿದ್ದ. ಸಬ್ರ್ ಎಂಬ ಪದ ಬಂದ ದಿನ, ನೋವನ್ನು ಬಾಯಿಬಿಡದೆ ಸಹಿಸುವುದೇ ಸಬ್ರ್ ಎಂದು ಹಲಗೆಯ ಮೇಲೆ ಬರೆದ. ಅದು ಅರ್ಧ ಅರ್ಥ ಮಾತ್ರ ಎಂದು ಅವನಿಗೆ ಗೊತ್ತಿತ್ತು. ಪ್ರವಾದಿ ಅಯ್ಯೂಬರು ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ಹೇಳಿಕೊಂಡರು. ಆದರೂ ಕುರ್‌ಆನ್ ಅವರನ್ನು ಸಬ್ರ್ ಉಳ್ಳವರೆಂದೇ ಕರೆಯಿತು. ನೋವನ್ನು ಹೇಳಿಕೊಂಡರೆ ಸಬ್ರ್ ಕೆಡುವುದಿಲ್ಲ ಎಂಬ ಉಳಿದರ್ಧವನ್ನು ಮುಂದಿನ ವರ್ಷ ಹೇಳಿದರಾಯಿತು ಎಂದು ಬಿಟ್ಟ.

ಆ ತರಗತಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವವನೊಬ್ಬನ ಮಗಳಿದ್ದಳು. ಹೆಸರು ಸಫೂರಾ, ವಯಸ್ಸು ಎಂಟು. ಕಲಿತ ಪದವನ್ನು ಅಂದೇ ಮನೆಗೆ ಹೋಗಿ ತಾಯಿಗೂ ಕಲಿಸುವ ಮಗು.

ಒಂದು ದಿನ ಅವಳಿಗೆ ಹೊಟ್ಟೆನೋವು ಶುರುವಾಯಿತು. ಯಾರಿಗೂ ಹೇಳಲಿಲ್ಲ. ಎರಡು ದಿನ ಮದರಸಕ್ಕೂ ಬಂದಳು. ಮುಖ ಬಾಡಿದ್ದು ಕಂಡು ಗುರು, "ಏನಾಯಿತು?" ಎಂದು ಕೇಳಿದ. "ಏನಿಲ್ಲ" ಎಂದಳು. ಅವನು ಪಾಠ ಮುಂದುವರಿಸಿದ.

ಮೂರನೆಯ ದಿನ ಬೆಳಿಗ್ಗೆ ಅವಳು ರೊಟ್ಟಿ ತಟ್ಟುತ್ತಿದ್ದ ತಾಯಿಯ ಪಕ್ಕದಲ್ಲೇ ಕುಸಿದುಬಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಹೊದಿಸಲೆಂದು ತಾಯಿ ಅವಳ ದುಪ್ಪಟಿ ತೆಗೆದಾಗ ಅದರ ಅಂಚಿನ ತುಂಬ ಹಲ್ಲಿನ ಗುರುತುಗಳಿದ್ದವು.

ಅಪೆಂಡಿಕ್ಸ್ ಒಡೆದು ಹೊಟ್ಟೆಯ ತುಂಬ ಕೀವು ಹರಡಿದೆ, ಮೊದಲ ದಿನವೇ ತಂದಿದ್ದರೆ ಉಳಿಸಬಹುದಿತ್ತು ಎಂದರು ಆಸ್ಪತ್ರೆಯ ವೈದ್ಯರು. ತಂದೆ ಗೋಡೆಗೆ ಒರಗಿ, "ಒಮ್ಮೆಯೂ ಅಳಲಿಲ್ಲವಲ್ಲ ಇವಳು" ಎಂದು ಅದನ್ನೇ ಹೇಳುತ್ತಿದ್ದ.

ಸುದ್ದಿ ತಿಳಿದ ಗುರು ಓಡಿ ಬಂದು ಮಂಚದ ಬಳಿ ನಿಂತ. ಮಗು ಕಣ್ಣು ತೆರೆದು ಅವನ ಗುರುತು ಹಿಡಿಯಿತು.

"ನಾನು ಬಾಯಿಬಿಡಲೇ ಇಲ್ಲ ಉಸ್ತಾದ್. ನನ್ನ ಸಬ್ರ್ ಸರಿಯಾಗಿತ್ತಲ್ಲ?"

ಅಲ್ಲ ಎಂದರೆ ತಪ್ಪು ತನ್ನದೇ ಎಂದುಕೊಂಡು ಆ ಮಗು ಕಣ್ಣು ಮುಚ್ಚುತ್ತದೆ. ಹೌದು ಎಂದರೆ ಸುಳ್ಳಾಗುತ್ತದೆ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ತೀರಿಕೊಂಡಳು.

ಉಸ್ತಾದರು ಅಷ್ಟಕ್ಕೆ ನಿಲ್ಲಿಸಿದರು. ಅನೀಸ್, "ಆ ಗುರು ಕೊನೆಗೆ ಏನು ಹೇಳಿದರು?" ಎಂದು ಕೇಳಿದ.

"'ಸರಿಯಾಗಿತ್ತು ಮಗಳೇ' ಎಂದು ನಾನು ಹೇಳಿದೆ."