ಪಿಳ್ಳಪ್ಪ ಕೋಡಿ ಕಟ್ಟಿದ್ದು

ಸಾಲಾಗಿ ಊಟಕ್ಕೆ ಕೂತಿದ್ದಾರೆ. ಮೇಲಿನವನ ಎಲೆ ತುಂಬಿ ಚೆಲ್ಲಿದರೆ ಮಾತ್ರ ಕೆಳಗಿನವನಿಗೆ ಊಟ. ಎಷ್ಟು ಜನ? ಯಾರವರು?

ತಲೆ ಕೆರೆದುಕೊಳ್ಳಬೇಡಿ. ಪಿಳ್ಳಪ್ಪ ಮೂರು ವರ್ಷ ಕೆರೆದುಕೊಂಡಿದ್ದ, ಅದೂ ಬೋಳು ತಲೆಯನ್ನು.

ಒಗಟು ಹೇಳಿದವರು ಅವನ ಗುರು ಪಾಲಯ್ಯಸ್ವಾಮಿಗಳು. ಕಲ್ಲುಬೆಟ್ಟದ ಬುಡದಲ್ಲಿ, ಕೆರೆ ಏರಿಯ ಪಕ್ಕದಲ್ಲಿ ಅವರ ಆಶ್ರಮ.

ಪಿಳ್ಳಪ್ಪ ಕೂತಲ್ಲಿ ಕೂರದ ಆಸಾಮಿ. ಧ್ಯಾನಕ್ಕೆ ಕೂತರೆ ಕಾಲು ಜೋಮು ಹಿಡಿಯುತ್ತಿತ್ತು, ಎದ್ದರೆ ಕೈ ತುರಿಸುತ್ತಿತ್ತು.

ಅವನ ಕೆಲಸ ನೀರು ತರುವುದು. ಕೆರೆಗೆ ನಲವತ್ತು ಮೆಟ್ಟಿಲು, ದಿನಕ್ಕೆ ಮೂವತ್ತು ಕೊಡ.

ಒಂದು ದಿನ ಹೊಳೆಯಿತು: ತಾನು ಇಳಿಯುವ ಬದಲು ನೀರೇ ಹತ್ತಿ ಬಂದರೆ?

ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹರಿದುಹೋಗುವ ಜಾಗವೇ ಕೋಡಿ. ಪಿಳ್ಳಪ್ಪ ಆ ಕೋಡಿಗೆ ಕಲ್ಲು ಜೋಡಿಸಿ, ಜೇಡಿಮಣ್ಣು ಮೆತ್ತಿ, ಗಟ್ಟಿಯಾಗಿ ಮುಚ್ಚಿದ. ಬೆಟ್ಟದ ಮೇಲೆ ಎರಡು ಮಳೆ ಹೊಡೆಯಿತು. ನೀರು ನಾಲ್ಕು ಮೆಟ್ಟಿಲು ಹತ್ತಿತು.

"ಸ್ವಾಮಿ, ಗಂಗಮ್ಮ ನಿಮ್ಮನ್ನು ನೋಡೋಕೆ ಹತ್ತಿ ಬರ್ತಿದ್ದಾಳೆ," ಎಂದ.

"ಬರಲಿ ಬಿಡು. ನನಗೂ ಮಂಡಿ ನೋವು," ಎಂದರು ಸ್ವಾಮಿಗಳು.

ಹತ್ತನೇ ದಿನ ಕೆಳಗಿನ ಊರು ಹುಣಸೇಕುಂಟೆಯಿಂದ ಅಕ್ಕಯಮ್ಮ ಬಂದಳು. ಕೈಯಲ್ಲಿ ಒಂದು ಹಿಡಿ ಭತ್ತದ ಸಸಿ, ಹಳದಿ ತಿರುಗಿದ್ದು.

"ಸ್ವಾಮ್ಯೋರೆ, ಬೆಟ್ಟದ ಮೇಲೆ ಮಳೆ ಹೊಡೆದದ್ದು ನಾವೇ ನೋಡಿದ್ವಿ. ನಮ್ಮ ಕೆರೆಗೆ ಮಾತ್ರ ಹನಿ ಬಂದಿಲ್ಲ. ಸಸಿ ಬೆಳೆಸೋ ಒಟ್ಲು ಒಣಗ್ತಾ ಇದೆ. ಇನ್ನು ಮೂರು ದಿನ ಹೀಗೇ ಆದ್ರೆ ನಾಟಿಗೆ ಒಂದು ಸಸಿನೂ ಉಳಿಯಲ್ಲ."

ಪಿಳ್ಳಪ್ಪ ಬೆಟ್ಟ ನೋಡಿದ.

ಸ್ವಾಮಿಗಳು ಪಿಳ್ಳಪ್ಪನನ್ನು ನೋಡಿದರು. "ಈ ತಾಯಿಯ ಕೆರೆಗೆ ನೀರು ಹೊತ್ತು ಹಾಕು."

"ಎಷ್ಟು ಕೊಡ, ಸ್ವಾಮಿ?"

"ಅದರ ಕೋಡಿ ಹರಿಯುವಷ್ಟು."

ಎರಡು ಮೈಲಿ ಹೊತ್ತ. ಬಿರುಕು ಬಿಟ್ಟ ಕೆರೆಯಂಗಳ ಮೊದಲ ಕೊಡವನ್ನು ಸದ್ದಿಲ್ಲದೆ ಕುಡಿಯಿತು. ಎರಡನೆಯದನ್ನೂ ಕುಡಿಯಿತು.

ಏರಿ ಮೇಲೆ ಕೂತಿದ್ದ ಅಕ್ಕಯಮ್ಮ ಹೇಳಿದಳು, "ಬಿರ್ರನೆ ಹೊರಪ್ಪ. ನಮ್ಮದು ತುಂಬಿ ಚೆಲ್ಲಿದ ಮೇಲೆ ಚೀಲೇನಹಳ್ಳಿ ಕೆರೆಗೆ, ಅದು ತುಂಬಿದ ಮೇಲೆ ಬಂಡೆಕೆರೆಗೆ, ಆಮೇಲೆ ಹಳ್ಳಕ್ಕೆ. ಎಲ್ಲರೂ ನಿನ್ನ ಕೊಡಾನೇ ಕಾಯ್ತಾ ಕೂತಿದ್ದಾರೆ."

ಪಿಳ್ಳಪ್ಪ ಕೊಡ ಕೆಳಗಿಟ್ಟ. ಸಾಲಾಗಿ ಊಟಕ್ಕೆ ಕೂತವರು ಯಾರೆಂದು ಆಗ ಕಂಡಿತು. ಮೊದಲ ಎಲೆ ಎಳೆದುಕೊಂಡು ಕೂತ ಹೊಟ್ಟೆಬಾಕ ಯಾರೆಂದೂ ಕಂಡಿತು.

ಓಡಿ ಬಂದು ಸ್ವಾಮಿಗಳ ಮುಂದೆ ನಿಂತ. "ಕೋಡಿ ಕಟ್ಟಿದ್ದು ನಾನು."

"ನಾಲ್ಕು ಮೆಟ್ಟಿಲು ಮುಳುಗಿದ್ದು ನಾನೂ ನೋಡಿದೆ. ಹಿತವಾಗಿತ್ತು, ಯಾಕೆ ಅಂತ ಕೇಳಲಿಲ್ಲ. ನಡಿ."

"ಒಂದೇ ಏಟಿಗೆ ಕಿತ್ತುಬಿಡ್ತೀನಿ, ಸ್ವಾಮಿ."

"ಕಿತ್ತರೆ ನೀರು ನುಗ್ಗಿ ಅವರ ಏರಿ ಒಡೆಯುತ್ತೆ. ಒಂದು ಕಲ್ಲು ತೆಗಿ. ನೀರಿನ ರಭಸ ತಣ್ಣಗಾಗುವವರೆಗೆ ಕೂತ್ಕೋ. ಆಮೇಲೆ ಇನ್ನೊಂದು."

ಕೂರುವುದು. ಅದೇ ಅವನಿಗೆ ಆಗದ ಕೆಲಸ. ಉಗುರು ಕಚ್ಚಿದ, ಹುಲ್ಲು ಕಿತ್ತ, ಆಕಾಶಕ್ಕೆ ಬೈದ. ಗುರುಗಳು ಪಕ್ಕದಲ್ಲಿ ಕೂತು ಮಂಡಿ ನೀವಿಕೊಂಡರು. ಸಂಜೆ ಹೊತ್ತಿಗೆ ಕೊನೆಯ ಕಲ್ಲು ಎದ್ದಿತು. ಪಿಳ್ಳಪ್ಪ ನೀರಿನ ಜೊತೆಗೇ ಓಡಿದ.

ಮಾರನೆಯ ದಿನ ಅಕ್ಕಯಮ್ಮನ ಊರ ಕೆರೆಯ ತೂಬಿಗೆ ನೀರು ಮುಟ್ಟಿತು. ಒಟ್ಲು ಉಳಿಯಿತು, ಅರ್ಧ.

"ಉಳಿದರ್ಧ ಗದ್ದೆಗೆ ರಾಗಿ ಹಾಕ್ತೀನಿ. ಕಳೆ ಕೀಳೋಕೆ ನೀನೇ ಬರ್ತೀಯ," ಎಂದಳು.

"ಬರ್ತೀನಕ್ಕ," ಎಂದ. ಮುಂದಿನ ಮಳೆಗೆ ಕೆರೆಗಳು ಒಂದೊಂದಾಗಿ ತುಂಬಿ ಚೆಲ್ಲಿದಾಗ, ನೀರಿನ ಬೆನ್ನು ಹಿಡಿದು ಬಂಡೆಕೆರೆವರೆಗೆ ಹೋಗಿ, ಮೊಣಕಾಲುದ್ದ ಕೆಸರು ಬಳಿದುಕೊಂಡು ಆಶ್ರಮಕ್ಕೆ ಮರಳಿದ.

"ಹಳ್ಳ ಆದಮೇಲೆ ಎಲ್ಲಿಗೆ, ಸ್ವಾಮಿ?"

ಸ್ವಾಮಿಗಳು ಒಂದು ಚೊಂಬು ನೀರನ್ನು ಅವನ ನಡುನೆತ್ತಿಗೆ ಸುರಿದರು.

"ನಿನ್ನ ನೆತ್ತಿ ನಮ್ಮ ಬೆಟ್ಟ ಅಂದುಕೋ. ಬಲಗಿವಿ ಕಡೆ ಇಳಿದದ್ದು ನಮ್ಮ ಕೆರೆಗಳಿಗೆ ಬಂದು, ಪೆನ್ನಾರು ಸೇರಿ, ತೆಲುಗರ ಸೀಮೆ ದಾಟುತ್ತೆ. ಎಡಗಿವಿ ಕಡೆಯದು ಅರ್ಕಾವತಿ ಸೇರಿ, ಕಾವೇರಿ ಸೇರಿ, ತಮಿಳರ ಸೀಮೆ ದಾಟುತ್ತೆ. ಸುರಿದದ್ದು ಒಂದೇ ಮಳೆ. ಕೂದಲೆಳೆಯಷ್ಟು ಆಚೆ ಬಿದ್ದಿದ್ದಕ್ಕೆ ದಾರಿಯೇ ಬೇರೆ."

"ಮತ್ತೆ ಸೇರೋದೇ ಇಲ್ವಾ?"

ಎರಡು ಕೆನ್ನೆಯ ನೀರೂ ಇಳಿದು ಅವನ ಗದ್ದದಲ್ಲಿ ಕೂಡಿ ತೊಟ್ಟಿಕ್ಕುತ್ತಿತ್ತು. ಸ್ವಾಮಿಗಳು ಅದನ್ನು ಬೆರಳಿಂದ ಮುಟ್ಟಿದರು.

"ಮೂಡಲ ಕಡಲಲ್ಲಿ ಸೇರ್ತವೆ. ಅಲ್ಲಿ ಎರಡು ಹನಿ ಒಂದನ್ನೊಂದು ಗುರುತು ಹಿಡಿದು, 'ದಾರೀಲಿ ಎಷ್ಟು ಊರಿಗೆ ಕುಡಿಸಿದೆ?' ಅಂತ ಕೇಳ್ತವೆ. ಹೆಚ್ಚು ಊರಿಗೆ ಕುಡಿಸಿದ್ದನ್ನು ಮೋಡ ಮೊದಲು ಎತ್ತಿಕೊಳ್ಳುತ್ತೆ."

ಪಿಳ್ಳಪ್ಪನ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. "ನೀವು ನೋಡಿದ್ದೀರಾ, ಸ್ವಾಮಿ?"

"ಪೆನ್ನಾರಿನವರೆಗೆ ನಡೆದಿದ್ದೀನಿ. ಅದರಾಚೆ ಹೋಗಿಬಂದವರು ಹೇಳಿದ್ದು. ಹನಿಗಳು ಮಾತಾಡಿದ್ದು ಮಾತ್ರ ನಾನೇ ಕಟ್ಟಿದ್ದು ಕಣೋ. ಕಳೆ ಕಿತ್ತು ಮುಗಿಸಿ ಹೊರಡು, ಕಡಲು ನೋಡು, ಕತೆಯ ಕೊನೆ ತಪ್ಪಾಗಿದ್ದರೆ ಬಂದು ನನ್ನನ್ನು ತಿದ್ದು."