ಕಾಶಿಯಲ್ಲಿ ಬಿಟ್ಟ ಶರಬತ್ತು

ಹೇಮಾವತಿ ದಂಡೆಯ ಆ ಆಶ್ರಮ ಅಂಥ ದೊಡ್ಡದೇನಲ್ಲ. ಹೆಂಚಿನ ಸಾಲುಮನೆ, ಪಕ್ಕದಲ್ಲಿ ಅಡುಗೆಮನೆ, ಬೇಲಿಯುದ್ದಕ್ಕೂ ಪನ್ನೀರು ಗುಲಾಬಿ ಗಿಡ. ಬೇಸಿಗೆ ಬಂತೆಂದರೆ ದಾರಿ ಪಕ್ಕದ ಅರಳಿಮರದ ಕೆಳಗೆ ಅರವಟ್ಟಿಗೆ ಹಾಕುತ್ತಿದ್ದರು. ನಡೆದು ದಣಿದು ಬಂದವರಿಗೆ ಅಲ್ಲಿ ಬರೀ ನೀರಲ್ಲ, ದೇವರಿಗೆ ನೈವೇದ್ಯ ಮಾಡಿದ ಗುಲಾಬಿ ಶರಬತ್ತು ಸಿಗುತ್ತಿತ್ತು.

ಆ ವರ್ಷ ಶರಬತ್ತು ಮಾಡುವ ಕೆಲಸ ಸೀತಾಪತಿಯ ಪಾಲಿಗೆ ಬಂತು.

ಸೀತಾಪತಿ ಆಶ್ರಮಕ್ಕೆ ಹೊಸಬ. ವಯಸ್ಸೇನೂ ಚಿಕ್ಕದಲ್ಲ, ತಲೆ ಅರ್ಧ ನೆರೆತಿತ್ತು. ಹೆಂಡತಿ ಎಂದೋ ತೀರಿಕೊಂಡಿದ್ದಳು. ಇದ್ದೊಬ್ಬ ಮಗಳನ್ನು ತಾನೇ ತಲೆ ಬಾಚಿ, ತಾನೇ ಕೈತುತ್ತು ಹಾಕಿ ಬೆಳೆಸಿದ್ದ. ಹಿಂದಿನ ಮಳೆಗಾಲದಲ್ಲಿ ಅವಳೂ ಜ್ವರ ಬಂದು ಹೋಗಿಬಿಟ್ಟಳು. ಅಸ್ಥಿಯನ್ನು ಕಾಶಿಯಲ್ಲಿ ಗಂಗೆಗೆ ಬಿಟ್ಟವನು ಊರಿಗೆ ಹೋಗಲಿಲ್ಲ, ನೇರವಾಗಿ ಇಲ್ಲಿಗೆ ಬಂದ.

ಬಂದವನೇ ಆಶ್ರಮದ ನಿರ್ಮಲಬೋಧ ಸ್ವಾಮಿಗಳ ಕಾಲಿಗೆ ಬಿದ್ದು ಕಾವಿ ಕೇಳಿದ.

"ನನ್ನನ್ನ ಅಪ್ಪಾ ಅನ್ನೋರು ಯಾರೂ ಉಳಿದಿಲ್ಲ ಸ್ವಾಮೀ. ಸನ್ಯಾಸ ಕೊಟ್ಟುಬಿಡಿ. ನಾನು ಯಾರ ಅಪ್ಪನೂ ಆಗಿರಲೇ ಇಲ್ಲ ಅನ್ನೋ ಹಾಗೆ ಆಗಿಬಿಡಲಿ."

ಸ್ವಾಮಿಗಳು ಕೊಡುತ್ತೇನೆ ಅನ್ನಲಿಲ್ಲ, ಕೊಡುವುದಿಲ್ಲ ಅಂತಲೂ ಅನ್ನಲಿಲ್ಲ. ಇಲ್ಲೇ ಇರು ಅಂದರು, ಅಷ್ಟೆ. ಬೇಸಿಗೆ ಹತ್ತಿರ ಬಂದಾಗ ಒಂದು ದಿನ ಕರೆದರು.

"ಈ ಸಲ ಅರವಟ್ಟಿಗೆ ಶರಬತ್ತು ನೀನು ಮಾಡು. ಅದು ಹದಕ್ಕೆ ಬಂದ ದಿನ ಬಂದು ಕೇಳು, ಕಾವಿ ಕೊಡ್ತೀನಿ."

ಸೀತಾಪತಿ ಎರಡೂ ಕೈ ಮುಗಿದ. ಬೇರೆ ಏನಾದರೂ ಹೇಳಿ, ಸೌದೆ ಒಡೆಯುತ್ತೇನೆ, ಕೊಟ್ಟಿಗೆ ಗುಡಿಸುತ್ತೇನೆ ಅಂತ ಬೇಡಿಕೊಂಡ. ಸ್ವಾಮಿಗಳು ಆಗಲೇ ಜಪಮಾಲೆ ಕೈಗೆತ್ತಿಕೊಂಡಿದ್ದರು. ಇನ್ನು ಅವರ ಹತ್ತಿರ ಮಾತಾಡಿ ಪ್ರಯೋಜನವಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಮಾಡುವ ಕ್ರಮವನ್ನು ಅವರೇ ತೋರಿಸಿಕೊಟ್ಟರು. ಬಿಸಿಲೇರುವ ಮೊದಲು ಹೂ ಕೀಳಬೇಕು. ದಳ ಬಿಡಿಸಿ, ತೊಳೆದು, ಕುದಿಯುವ ನೀರಿಗೆ ಹಾಕಿ ಮುಚ್ಚಿಡಬೇಕು. ಆಗಾಗ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ರುಚಿ ನೋಡಬೇಕು. ಒಗರು ಏಳುವ ಮೊದಲೇ ಸೋಸಿಬಿಡಬೇಕು. ಆಮೇಲೆ ಕಲ್ಲುಸಕ್ಕರೆ ಪಾಕ, ಕೊನೆಗೆ ನಿಂಬೆಹಣ್ಣು. ನಿಂಬೆ ಹಿಂಡಿದ ಕೂಡಲೇ ಮಂಕಾಗಿದ್ದ ನೀರು ಕೆಂಪಗೆ ತಿರುಗುತ್ತದೆ.

ಸೀತಾಪತಿ ಎಲ್ಲವನ್ನೂ ಹೇಳಿದ ಹಾಗೇ ಮಾಡಿದ, ರುಚಿ ನೋಡುವುದೊಂದನ್ನು ಬಿಟ್ಟು. ಪಂಚೆಯ ತುಂಡೊಂದನ್ನು ಒದ್ದೆ ಮಾಡಿ ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡು ಒಲೆಯ ಮುಂದೆ ಕೂರುತ್ತಿದ್ದ. ಬರೀ ಬಣ್ಣ ನೋಡಿ ಸೋಸುತ್ತಿದ್ದ. ಬಣ್ಣವೋ, ಕಣ್ಣಿಗೆ ಹಬ್ಬ.

ಆಶ್ರಮದವರಿಗೆ ಇದು ದೊಡ್ಡ ಮಡಿಯಾಗಿ ಕಂಡಿತು. ಕಾಣದೆ ಇನ್ನೇನು? ದೇವರ ಪಾತ್ರೆಗೆ ಉಸಿರು ಸೋಕದ ಹಾಗೆ ಬಾಯಿ ಕಟ್ಟಿಕೊಳ್ಳುತ್ತಾನೆ. ನೈವೇದ್ಯಕ್ಕೆ ಮೊದಲು ಒಂದು ತೊಟ್ಟೂ ಎಂಜಲು ಮಾಡುವುದಿಲ್ಲ. ನೈವೇದ್ಯ ಆದ ಮೇಲೂ ಎಲ್ಲರಿಗೂ ಹಂಚಿ ತಾನು ಮಾತ್ರ ಬರೀ ನೀರು ಕುಡಿಯುತ್ತಾನೆ. ಎಂಥ ಮಡಿ, ಎಂಥ ವೈರಾಗ್ಯ ಅಂತ ಹೊಗಳಿದ್ದೇ ಹೊಗಳಿದ್ದು. ಕಾವಿಗೆ ಇವನೇ ಸರಿ ಅಂದರು.

ಶರಬತ್ತಿನ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚಲಿಲ್ಲ. ಪ್ರಸಾದಕ್ಕೆ ಹೆಸರಿಡುವವರು ಯಾರು? ಕಣ್ಣಿಗೊತ್ತಿಕೊಂಡು ಕುಡಿದು ಎದ್ದು ಹೋಗುತ್ತಿದ್ದರು. ಸ್ವಾಮಿಗಳೂ ದಿನಾ ಲೋಟ ತುಂಬ ಕುಡಿಯುತ್ತಿದ್ದರು.

ಹೀಗೇ ಬೇಸಿಗೆ ಸಾಗಿತು. ಒಂದು ಮಧ್ಯಾಹ್ನ ಬಳೆ ಮಾರುವ ಹೆಂಗಸೊಬ್ಬಳು ಬಂದು ಹೊರೆ ಇಳಿಸಿ ಕೂತಳು. ಸೀತಾಪತಿ ಶರಬತ್ತು ಕೊಟ್ಟ. ಒಂದು ಗುಟುಕು ಕುಡಿದಳು, ಇನ್ನೊಂದು ಗುಟುಕು ಕುಡಿದಳು. ಅವನು ಆ ಕಡೆ ತಿರುಗಿದ ಅಂದುಕೊಂಡು ಉಳಿದದ್ದನ್ನು ಮರದ ಬುಡಕ್ಕೆ ಚೆಲ್ಲಿದಳು.

ಸೀತಾಪತಿ ನೋಡಿಬಿಟ್ಟ. ಯಾಕಮ್ಮ ಅಂತ ಕೇಳಿದ.

ಅವಳಿಗೆ ನಾಚಿಕೆಯಾಯಿತು. "ಬೇಜಾರು ಮಾಡ್ಕೋಬೇಡಿ ಸ್ವಾಮಿ. ನೋಡೋಕೆ ಚೆಂದಾಗೈತೆ. ಬಾಯಿಗಿಟ್ರೆ ಬರೀ ಒಗರು. ನೀವು ಕುಡಿದು ನೋಡ್ಲಿಲ್ವಾ?"

ಸೀತಾಪತಿ ಅವಳಿಗೆ ತಣ್ಣೀರು ಕೊಟ್ಟು, ಹೊರೆ ಎತ್ತಿ ತಲೆಗಿಟ್ಟು ಕಳಿಸಿದ. ಆಮೇಲೆ ನದಿಗೆ ಇಳಿದು ಹೋದ. ಸ್ವಾಮಿಗಳು ಮೆಟ್ಟಿಲ ಮೇಲೆ ನೀರಿಗೆ ಕಾಲಿಟ್ಟುಕೊಂಡು ಕೂತಿದ್ದರು.

"ಶರಬತ್ತು ಒಗರಂತೆ. ಹೌದೇ ಸ್ವಾಮೀ?"

"ಹೌದು."

"ಯಾವತ್ತಿನಿಂದ?"

"ನೀನು ಒಲೆ ಮುಂದೆ ಕೂತ ದಿನದಿಂದ."

ಸೀತಾಪತಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. "ತಾವು ದಿನಾ ಲೋಟ ತುಂಬ ಕುಡೀತಿದ್ದಿರಿ. ಒಂದು ಮಾತು ಹೇಳಬಾರದಿತ್ತೇ?"

"ಹೇಳಿದ್ದರೆ ನೀನು ಇನ್ನೊಂದಿಷ್ಟು ಸಕ್ಕರೆ ಸುರೀತಿದ್ದೆ" ಅಂದರು ಸ್ವಾಮಿಗಳು. "ಅದಿರಲಿ. ಯಾಕಯ್ಯ ರುಚಿ ನೋಡಲಿಲ್ಲ? ಮಡಿಯೇ?"

ಹೌದು ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಸೀತಾಪತಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಮಡಿ ಅಲ್ಲ ಸ್ವಾಮೀ. ಕಾಶಿಯಲ್ಲಿ ಬಿಟ್ಟು ಬಂದಿದೀನಿ."

ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೇನನ್ನಾದರೂ ಅಲ್ಲೇ ಬಿಟ್ಟು ಬರುತ್ತಾರೆ. ಮಾವಿನಹಣ್ಣು ಬಿಡುವವರುಂಟು, ಬದನೆಕಾಯಿ ಬಿಡುವವರುಂಟು. ಒಮ್ಮೆ ಬಿಟ್ಟರೆ ಬಿಟ್ಟಿತು, ಸಾಯುವವರೆಗೂ ಮುಟ್ಟುವ ಹಾಗಿಲ್ಲ. ಸೀತಾಪತಿ ಗುಲಾಬಿ ಶರಬತ್ತು ಬಿಟ್ಟಿದ್ದ.

"ನಿನಗೆ ಅಷ್ಟೊಂದು ಇಷ್ಟವೇ ಅದು?"

"ನನಗಲ್ಲ. ಮಗಳಿಗೆ."

ಆಮೇಲೆ ಎಲ್ಲ ಹೇಳಿದ. ಬೇಸಿಗೆ ಬಂದರೆ ಸಾಕು, ಅವಳು ಹಿತ್ತಲಿನ ಹೂವೆಲ್ಲ ತಂದು ಮೊರದಲ್ಲಿ ಹರಡುತ್ತಿದ್ದಳಂತೆ. ಮನೆಯೆಲ್ಲ ಘಮ್ಮೆನ್ನುತ್ತಿತ್ತಂತೆ. ಈಗ ಆ ವಾಸನೆ ಬಂದರೆ ಅವಳು ಹಿಂದೆಯೇ ಬಂದು ನಿಂತ ಹಾಗಾಗುತ್ತದೆ, ತಿರುಗಿ ನೋಡಿದರೆ ಯಾರೂ ಇರುವುದಿಲ್ಲ, ಅದನ್ನು ತಡೆಯೋಕೆ ಆಗುವುದಿಲ್ಲ ಅಂದ. ಅದಕ್ಕೇ ಬಿಟ್ಟೆ, ಅದಕ್ಕೇ ಮೂಗು ಕಟ್ಟಿಕೊಂಡೆ ಅಂದ.

ಸ್ವಾಮಿಗಳು ನೀರಿನಿಂದ ಕಾಲೆತ್ತಿಕೊಂಡು ಅವನ ಕಡೆ ತಿರುಗಿ ಕೂತರು.

"ನಿನ್ನದನ್ನ ನೀನು ಬಿಡಬಹುದು ಸೀತಾಪತಿ. ಅವಳದ್ದನ್ನ ಬಿಡೋಕೆ ನಿನಗೆ ಯಾರಪ್ಪ ಹೇಳಿದ್ದು?"

ಕಾಶಿಯಲ್ಲಿ ಬಿಟ್ಟದ್ದನ್ನು ತಿರುಗಿ ಮುಟ್ಟಿದರೆ ದೋಷವಲ್ಲವೇ ಅಂತ ಸೀತಾಪತಿ ಮೆಲ್ಲಗೆ ಕೇಳಿದ.

"ಆ ದೋಷ ನನಗಿರಲಿ" ಅಂದರು ಸ್ವಾಮಿಗಳು. ಅವನ ಕೊರಳಲ್ಲಿ ಜೋತಾಡುತ್ತಿದ್ದ ಆ ಬಟ್ಟೆಯ ತುಂಡನ್ನು ತಾವೇ ಬಿಚ್ಚಿ ಹೊಳೆಗೆ ಬಿಟ್ಟರು.

ಮರುದಿನ ಸೀತಾಪತಿ ಮುಖ ಬಿಟ್ಟುಕೊಂಡು ಒಲೆಯ ಮುಂದೆ ಕೂತ. ಕುದಿನೀರಿಗೆ ದಳ ಬಿದ್ದದ್ದೇ ತಡ, ಘಮ ಅಡುಗೆಮನೆಯನ್ನೆಲ್ಲ ತುಂಬಿತು. ಅವನು ಅತ್ತ. ಮಗಳು ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಅಳುತ್ತಲೇ ಅಂಗೈಗೆ ತೊಟ್ಟು ಬಿಟ್ಟುಕೊಂಡು ನೆಕ್ಕಿದ. ಇನ್ನೂ ಆಗಿಲ್ಲ ಅನ್ನಿಸಿತು. ಇನ್ನೊಂದು ಸಲ ನೆಕ್ಕಿದ. ಈಗ ಆಯಿತು ಅನ್ನಿಸಿದ ಕೂಡಲೇ ಸೋಸಿದ.

ಬಾಗಿಲಲ್ಲಿ ನಿಂತು ನೋಡಿದವರು ಅಯ್ಯೋ, ಇವನ ಮಡಿ ಕೆಟ್ಟಿತು, ಇನ್ನು ಕಾವಿ ಸಿಕ್ಕ ಹಾಗೇ ಅಂತ ಗೊಣಗಿಕೊಂಡು ಹೋದರು. ಅವನಿಗೆ ಕೇಳಿಸಲಿಲ್ಲ. ಪಾಕಕ್ಕೆ ಸ್ವಾಮಿಗಳು ಹೇಳಿದ್ದಕ್ಕಿಂತ ಇನ್ನೊಂದು ಹಿಡಿ ಕಲ್ಲುಸಕ್ಕರೆ ಹಾಕಿದ.

ನೈವೇದ್ಯವಾದ ಮೇಲೆ ಅವನೂ ಒಂದು ಲೋಟ ಬಗ್ಗಿಸಿಕೊಂಡು ಪೂರ್ತಿ ಕುಡಿದ. ಆಮೇಲೆ ಪಾತ್ರೆ ಹಿಡಿದುಕೊಂಡು ಸ್ವಾಮಿಗಳ ಮುಂದೆ ಬಂದು ನಿಂತ.

"ಹದಕ್ಕೆ ಬಂತು ಸ್ವಾಮೀ."

"ಹಾಗಾದರೆ ಕೇಳು. ಕೊಡ್ತೀನಿ ಅಂದಿದ್ದೆ, ಕೊಡ್ತೀನಿ."

ಸೀತಾಪತಿ ಬಾಯಿ ತೆರೆದ. ಇಷ್ಟು ದಿನ ಕೇಳಬೇಕು ಅಂತ ಕಾದಿದ್ದ ಮಾತು ಹೊರಗೆ ಬರಲಿಲ್ಲ.

"ಸಿಹಿ ಒಂಚೂರು ಮುಂದಾಗಿದೆ" ಅಂದ ಕಡೆಗೆ. "ನಮ್ಮ ನಳಿನಿಗೆ ಹೀಗೇ ಇರಬೇಕಿತ್ತು."

ಆಶ್ರಮಕ್ಕೆ ಬಂದ ಮೇಲೆ ಮಗಳ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

ಸ್ವಾಮಿಗಳು ಚಾಪೆಯ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು.

"ಬಾ, ಕೂತ್ಕೋ ನಳಿನಿ ಅಪ್ಪ. ನನಗೂ ಒಂದು ಲೋಟ ಹಾಕು."